ಎಡಗಡೆಯ ಕುರ್ಚಿ

ಹಾಸ್ಟೆಲ್ ಕೋಣೆ
ಶುಕ್ರವಾರ, ಸಂಜೆ

ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವ ನನ್ನ ಅಮ್ಮನಿಗೆ,

ನಿನ್ನ ಪತ್ತೇದಾರಿ ಮಗಳ ನಮಸ್ಕಾರಗಳು. ಫೋನಿನಲ್ಲಿ ಕೇಳಿದರೆ ಜಾರಿಕೊಳ್ಳುತ್ತೀಯ ಎಂದೇ ಕಾಗದ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಒಂದು ವಾರ ನಾನು ಮಕ್ಕಳ ಡಾಕ್ಟರಮ್ಮನ ಕೋಣೆಯಲ್ಲಿ ಕೂತು ಅವರ ಕೆಲಸ ನೋಡಬೇಕಲ್ಲ, ತಯಾರಿ ಈಗಲೇ ಜೋರಾಗಿದೆ. ಉಗುರು ಕತ್ತರಿಸಿದ್ದೇನೆ, ಸದ್ದು ಮಾಡದ ಚಪ್ಪಲಿ ತಂದಿದ್ದೇನೆ, ಮಕ್ಕಳ ಕೈಗೆ ಸಿಗುವಂಥ ಓಲೆ ತೆಗೆದಿಟ್ಟಿದ್ದೇನೆ. ತಯಾರಾಗದಿರುವುದು ಮನಸ್ಸು ಮಾತ್ರ. ನಿನ್ನ ಮೇಲೆ ನನಗೆ ಅನುಮಾನ.

ತರಗತಿಯಿಂದ ಹದಿನಾಲ್ಕು ಜನ ಅರ್ಜಿ ಹಾಕಿದ್ದೆವು. ಅಂಕದಲ್ಲಿ ನಾನು ಒಂಬತ್ತನೆಯವಳು. ಆದರೂ ಡಾಕ್ಟರಮ್ಮ ಆರಿಸಿದ್ದು ನನ್ನನ್ನೇ. ಫೋನ್ ಮಾಡಿದಾಗ ಓದಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಮ್ಮ ಚೆನ್ನಾಗಿದಾರಾ?" ಅಂದರು, ಅಷ್ಟೇ. ನೀನು ಯಾರದೋ ಕೈಕಾಲು ಹಿಡಿದು ಜಾಗ ಕೊಡಿಸಿರಬೇಕು ಅಂದುಕೊಂಡೆ. ಕೇಳಿದರೆ ನೀನು, "ಅಯ್ಯೋ, ಆ ಡಾಕ್ಟರ್ ಯಾರು ಅಂತಾನೇ ನಂಗೊತ್ತಿಲ್ಲ ಕಣೇ" ಅಂದೆ. ಆ "ಅಯ್ಯೋ" ಸ್ವಲ್ಪ ಹೆಚ್ಚಾಯಿತು ಅಮ್ಮ.

ಆಮೇಲೆ ಅವರ ಸೂಚನೆಗಳ ಹಾಳೆ ಬಂತು. ಕೊನೆಯಲ್ಲಿ "ನಿನ್ನ ಕುರ್ಚಿ ನನ್ನ ಎಡಗಡೆ ಇರುತ್ತದೆ" ಎಂದಿತ್ತು. ಅಲ್ಲಿ ಕೂತರೆ ಅವರೂ, ಎದುರಿನ ತಾಯಂದಿರೂ ನನ್ನ ಬಲಕ್ಕೇ ಬರುತ್ತಾರೆ. ನನ್ನ ಎಡಗಿವಿ ಕೇಳಿಸುವುದಿಲ್ಲ ಎಂದು ಅವರಿಗೆ ಹೇಳಿದವರು ಯಾರು? ಇಲ್ಲಿ ಅದು ಗೊತ್ತಿರುವುದು ನನ್ನ ಕೋಣೆಯ ಗೆಳತಿಗೆ ಮಾತ್ರ. ಅವಳ ಜೊತೆ ಎರಡು ದಿನ ಮಾತು ಬಿಟ್ಟೆ, ಪಾಪ.

ನಿನ್ನೆ ನೀನು ಕಳಿಸಿದ ಲಸಿಕೆ ಕಾರ್ಡ್ ತಲುಪಿತು. ಆಸ್ಪತ್ರೆಯವರು ಕೇಳದಿದ್ದರೆ ಅದನ್ನು ಈ ಜನ್ಮದಲ್ಲಿ ನನಗೆ ತೋರಿಸುತ್ತಿರಲಿಲ್ಲ, ಅಲ್ಲವೇ? ಒಂದೂವರೆ ವರ್ಷದವರೆಗಿನ ಸಹಿಗಳೆಲ್ಲ ಇದೇ ಡಾಕ್ಟರಮ್ಮನವು. ಕೊನೆಗೆ ಹತ್ತು ಹತ್ತು ದಿನಕ್ಕೆ ಮೂರು ಭೇಟಿ. ಜ್ವರ, ಕಿವಿ ಸೋರುತ್ತಿದೆ. ಜ್ವರ ಬಿಟ್ಟಿದೆ. ಮೂರನೆಯದು: ಮಗು ಚೆನ್ನಾಗಿದೆ, ತಾಯಿಗೆ ಅತಿ ಆತಂಕ. ಪುಟ ತಿರುಗಿಸಿದರೆ ಬೇರೆ ಆಸ್ಪತ್ರೆ, ಬೇರೆ ಕೈಬರಹ: ಎಡಗಿವಿ ಕೇಳಿಸುತ್ತಿಲ್ಲ, ಹಿಂದಿನ ಡಾಕ್ಟರಿಗೂ ತಿಳಿಸಲಾಗಿದೆ.

ಹುಟ್ಟಿನಿಂದಲೇ ಹೀಗೆ ಎಂದು ಇಷ್ಟು ವರ್ಷ ನಂಬಿಸಿದೆಯಲ್ಲ! ಅವರ ಮೇಲೆ ಎಷ್ಟು ಸಿಟ್ಟು ಬಂತೋ ನಿನ್ನ ಮೇಲೂ ಅಷ್ಟೇ ಬಂತು. ಅರ್ಜಿಯಲ್ಲಿ ನನ್ನ ಹೆಸರು, ನಿನ್ನ ಹೆಸರು ನೋಡಿ ಗುರುತು ಹಿಡಿದಿದ್ದಾರೆ. ಪ್ರಾಯಶ್ಚಿತ್ತಕ್ಕೆ ಕೊಟ್ಟ ಜಾಗ ನನಗೆ ಬೇಡ ಎಂದು ಹೊಸ ಚಪ್ಪಲಿಯನ್ನು ಮಂಚದ ಕೆಳಗೆ ಎಸೆದೆ.

ವಾಪಸು ಕಳಿಸೋಣವೆಂದು ಸೂಚನೆಯ ಹಾಳೆ ಎತ್ತಿಕೊಂಡಾಗ ಮೊದಲ ಸಾಲನ್ನು ಸರಿಯಾಗಿ ಓದಿದೆ: "ಮಗುವನ್ನು ಮುಟ್ಟುವ ಮೊದಲು ತಾಯಿ ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಒಮ್ಮೆ ನಾನು ಬರೆದುಕೊಳ್ಳಲಿಲ್ಲ." ಆ ಹಾಳೆ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ, ನಕಲು ತೆಗೆದು ತೆಗೆದು ಮಸುಕಾದ ಅಚ್ಚು. ಕೆಳಗೆ ಹದಿನೇಳು ವರ್ಷ ಹಿಂದಿನ ತಾರೀಖಿದೆ, ಆಗ ನನಗೆ ಎರಡು ವರ್ಷ. ಕುರ್ಚಿಯ ಸಾಲು ಮಾತ್ರ ಹೊಸದಾಗಿ ಪೆನ್ನಿನಲ್ಲಿ ಬರೆದದ್ದು.

ನನ್ನನ್ನು ಕರೆದದ್ದು ನನಗಾಗಿಯೋ, ತಮಗಾಗಿಯೋ, ಇನ್ನೂ ಅನುಮಾನವೇ. ಆದರೂ ಹೋಗುತ್ತೇನೆ. ಚಪ್ಪಲಿ ಮಂಚದ ಕೆಳಗಿಂದ ಈಚೆಗೆ ಬಂದಿದೆ.

ಇಂತಿ,
ನಿನ್ನ ಅನುಮಾನದ ಪಿಶಾಚಿ

ತಾ.ಕ.: ಅವರಿಗೆ ಕೊಡಬೇಕಾದ ಆರೋಗ್ಯದ ಫಾರಂನಲ್ಲಿ, ತೊಂದರೆ ಏನಾದರೂ ಇದೆಯೇ ಎಂಬಲ್ಲಿ ನಾನೂ "ಇಲ್ಲ" ಎಂದೇ ಬರೆದಿದ್ದೆ. ಮುಚ್ಚಿಡುವುದರಲ್ಲಿ ನಿನ್ನ ಮಗಳೇ. ಈಗ ಅದನ್ನು ಹೊಡೆದುಹಾಕಿ "ಎಡಗಿವಿ ಕೇಳಿಸುವುದಿಲ್ಲ" ಎಂದು ಬರೆದೆ. "ಯಾವಾಗಿನಿಂದ" ಎಂಬ ಜಾಗ ಖಾಲಿ ಇದೆ. ಆ ಮೂರನೆಯ ಸಲ ನೀನು ಡಾಕ್ಟರಮ್ಮನಿಗೆ ಏನು ಹೇಳಿದೆ ಅಮ್ಮ? ನಿನ್ನದೇ ಮಾತಿನಲ್ಲಿ ಬರೆದು ಕಳಿಸು. ಒಂದಕ್ಷರ ಬಿಡದೆ ಬರೆದುಕೊಂಡು ಹೋಗಿ ಅವರ ಮುಂದಿಡುತ್ತೇನೆ.