ಬಿಸಿ ಮಾಡಿದೆ, ಕುದಿಸಲಿಲ್ಲ

ನಾಗಮಂಗಲ, ಸೋಮವಾರ

ಅಪ್ಪನಿಗೆ ರಂಜಿತಳ ನಮಸ್ಕಾರ.

ನಾವು ಅಡುಗೆ ಮಾಡಿಕೊಟ್ಟ ಕಿಕ್ಕೇರಿಯ ಬೀಗರ ಊಟದಲ್ಲಿ ಮೂವತ್ತು ಜನಕ್ಕೆ ವಾಂತಿಭೇದಿ ಆದದ್ದು ಬೆಟ್ಟಮ್ಮತ್ತೆ ಮಾರಿದ ಮೊಸರಿನಿಂದಲ್ಲ, ನನ್ನ ಬಾಡಿನ ಸಾರಿನಿಂದ. ನಾಲ್ಕು ತಿಂಗಳಿಂದ ಇದನ್ನು ಮುಚ್ಚಿಟ್ಟಿದ್ದೇನೆ.

ಹಿಂದಿನ ಸಂಜೆ ಬೇಯಿಸಿದ ಸಾರು ಬೆಳಿಗ್ಗೆಯೂ ಪಾತ್ರೆಯಲ್ಲಿ ಉಗುರುಬೆಚ್ಚಗಿತ್ತು. ಸ್ವಲ್ಪ ಹುಳಿ ವಾಸನೆ ಬಂತು. ಚೆಲ್ಲಬೇಕಿತ್ತು. ಕುದಿಸಿದರೆ ತುಂಡು ಕರಗಿ ಬೀಗರು ಆಡಿಕೊಳ್ಳುತ್ತಾರೆಂದು ಬರೀ ಬಿಸಿ ಮಾಡಿ, ವಾಸನೆ ಅಡಗಲೆಂದು ಲವಂಗ, ಮೆಣಸು ಅರೆದು ಹಾಕಿದೆ. ನೀನು ರುಚಿ ನೋಡಿ, "ಏನ್ ಘಮ ಕಣವ್ವ, ನನ್ನೇ ಮೀರಿಸ್‌ಬುಟ್ಟೆ!" ಅಂದೆ. ಸ್ಕೂಲು ಬಿಟ್ಟವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹುಳಿ ವಾಸನೆಯ ವಿಷಯ ಮುಚ್ಚಿಟ್ಟು ಸಾರನ್ನು ಬಡಿಸಲು ಕೊಟ್ಟೆ.

ಆಮೇಲೆ ನೀನೇ ಎಲ್ಲರೆದುರು ಅತ್ತೆಗೆ, "ನಿನ್ ಮೊಸ್ರ ನಾಯಿಗಾಕೋಗು" ಅಂದೆ. ಅವತ್ತಿನಿಂದ ಅವರ ಮೊಸರನ್ನು ಯಾರೂ ಕೊಳ್ಳುತ್ತಿಲ್ಲ.

ಶುಕ್ರವಾರ ಪಾಂಡವಪುರದ ಅಡುಗೆಗೆ ಅವರಿಂದಲೇ ಮೊಸರು ತರಿಸು. ಬಾಡನ್ನು ಅವತ್ತೇ ಬೇಯಿಸು, ಬಡಿಸುವ ತನಕ ಒಲೆ ಆರಿಸಬೇಡ. ಮಸಾಲೆ ಜಾಸ್ತಿಯಾದರೆ ಸಾರು ಕೆಡುವುದಿಲ್ಲವೆಂದು ನನಗೆ ಹೇಳಿದಂತೆ ಇನ್ನು ಯಾರಿಗೂ ಹೇಳಬೇಡ.

ಅತ್ತೆಗೆ ಈಗಷ್ಟೇ ಎಲ್ಲ ಹೇಳಿ ಬಂದೆ. "ಬೀಗ್ರು ಮುಂದೂ ಇಂಗೇ ಏಳ್ತೀಯೇನೇ?" ಎಂದು ಕೇಳಿದರು. ಹೂಂ ಅಂದೆ. ಇನ್ನು ನಮ್ಮನ್ನು ಯಾರೂ ಅಡುಗೆಗೆ ಕರೆಯದಿರಬಹುದು. ಎದುರಿಗೆ ಹೇಳಿದ್ದರೆ ನೀನು ತಡೆಯುತ್ತಿದ್ದೆ, ಅದಕ್ಕೇ ಬರೆದಿದ್ದೇನೆ.

ನಾಳೆ ಬೆಳಿಗ್ಗೆ ಕಿಕ್ಕೇರಿ ಬಸ್ಸಿಗೆ ಹೊರಡುತ್ತೇನೆ.

ನಿನ್ನ ಮಗಳು,
ರಂಜಿತ