ಸ್ಟೀರಿಂಗ್ ಬೋಲ್ಟಿನ ಕೆಂಪು ಗೆರೆ

ಮಯೂರ,

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀಯ, ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ಭಾನುವಾರ ನೀನು ಹಳೇ ಕಾರು ಬಿಚ್ಚಿ ಕಟ್ಟುತ್ತಿರುವ ಹಾಟ್ ರಾಡ್‌ಗೆ ಸ್ಟೀರಿಂಗ್ ಕಾಲಮ್ ಕೂರಿಸಿ, ಕೆಳಗಿನ ಜಾಯಿಂಟಿನ ಬೋಲ್ಟ್ ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಜಾಯಿಂಟಿನವರೆಗೆ ಕೆಂಪು ನೇಲ್ ಪಾಲಿಶಿನಿಂದ ಒಂದು ನೇರ ಗೆರೆ ಎಳೆದಿದ್ದೆ. ಬೋಲ್ಟ್ ತಿರುಗಿದರೆ ಗೆರೆ ಮುರಿದು ಗೊತ್ತಾಗಲಿ ಅಂತ. "ಏನಕ್ಕಾ, ಕಾರಿಗೂ ಕುಂಕುಮ ಇಡ್ತೀಯಾ?" ಅಂತ ನಕ್ಕೆಯಲ್ಲ, ಅದೇ ಗೆರೆ. ಈಗ ಪಾರ್ಕಿಂಗಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಎರಡು ತುಂಡಾಗಿದೆ.

ನಿನ್ನ ಗೆಳತಿ ತನ್ವಿಯನ್ನು ಕೂರಿಸಿಕೊಂಡು ಹೋಗುವ ಆತುರಕ್ಕೆ ನೀನೇ ಬೋಲ್ಟ್ ಬಿಚ್ಚಿ, ಸೊಟ್ಟಗಿದ್ದ ಸ್ಟೀರಿಂಗ್ ನೇರ ಮಾಡಿಕೊಂಡೆಯಾ? ಆದರೆ ಸ್ಪ್ಯಾನರ್ ನಾನು ಒರೆಸಿಟ್ಟ ಹಾಗೆಯೇ ಡಬ್ಬಿಯಲ್ಲಿದೆ. ನೀನು ಯಾವತ್ತು ಏನನ್ನು ಒರೆಸಿಟ್ಟಿದ್ದೀಯ?

ಹೌದಾದರೆ ಬಯ್ಯುವುದಿಲ್ಲ, ಆಣೆ. ಅಲ್ಲವಾದರೆ ಅದು ತಾನಾಗಿಯೇ ಸಡಿಲವಾಗಿದೆ, ಅಂದರೆ ಸಂಜೆ ಕಾಲೇಜಿನಲ್ಲಿ ಕಲಿತ ನನ್ನ ಮೆಕ್ಯಾನಿಕ್ ಕೆಲಸವೇ ತಪ್ಪು. ಬೋಲ್ಟ್ ಕಳಚಿದರೆ ಕೈಯಲ್ಲಿ ಸ್ಟೀರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಕಾರಿನ ಕೀ ನನ್ನ ಜೊತೆ ವಡೋದರಾಗೆ ಬರುತ್ತಿದೆ, ಹುಡುಕಬೇಡ. ಎದ್ದ ತಕ್ಷಣ ಫೋನ್ ಮಾಡು. ನೀನೇ ಬಿಚ್ಚಿದ್ದಾಗಿರಲಿ ಅಂತ ದೇವರಿಗೆ ಕೈಮುಗಿದು ಹೊರಟಿದ್ದೇನೆ. ಆದರೆ ನನ್ನ ಸಮಾಧಾನಕ್ಕೆ ಅಂತ ಮಾತ್ರ ಹೌದು ಅನ್ನಬೇಡ.

ಅಕ್ಕ