ಕಣಿವೆಯ ಹಳದಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಮ್ಯೂಸಿಯಂನ ಹಕ್ಕಿ ಟ್ರೇಗಳ ತಪಾಸಣೆ. ಹುಳು ಬಿದ್ದಿಲ್ಲ, ಪುಣ್ಯ. ಹೊಸ ವಾರ್ಬ್ಲರ್‌ಗಳು ಬಂದಿವೆ — ಅಮೆರಿಕದ ಉಷ್ಣವಲಯದ ಕಾಡುಗಳ ಪುಟ್ಟ ಹಕ್ಕಿ, ಹತ್ತಿ ತುಂಬಿ ಒಣಗಿಸಿದ್ದು. ಎಲ್ಲ ಬೆಟ್ಟದವು. ಮ್ಯೂಸಿಯಂನಲ್ಲಿ ಇದುವರೆಗೆ ಇದ್ದ ಬೆಟ್ಟದ ಹಕ್ಕಿಗಳು ಅಜ್ಜನ ಕಾಲದವು. ಹೊಸದೊಂದನ್ನು ಹೋದ ವರ್ಷವಷ್ಟೇ ಬಂದ ಕಣಿವೆಯ ಹಕ್ಕಿಯ ಪಕ್ಕ ಮಲಗಿಸಿದೆ. ಬೇರೆ ಇರಬೇಕಾದ ಹೊಟ್ಟೆಯ ಹಳದಿ ಒಂದೇ... ಟ್ಯೂಬ್‌ಲೈಟ್ ಸರಿಯಿಲ್ಲ ಅಂದುಕೊಂಡೆ.

ಮಾರ್ಚ್ 4

ಕಿಟಕಿ ಬಳಿ ಒಯ್ದು ನೋಡಿದೆ. ಒಂದೇ. ನಮ್ಮ ಮನೆಯವರು ಇಲ್ಲಿ ಕೆಲಸದಲ್ಲಿದ್ದಾಗ ಕಂಡ ವ್ಯತ್ಯಾಸ ಹಕ್ಕಿಯದಲ್ಲ, ಕಾಲದ್ದು. ಬೆಟ್ಟದ ಹಳೆಯ ಹಕ್ಕಿಗಳ ಬಣ್ಣ ಮಾಸಿತ್ತು. ಪಕ್ಕದಲ್ಲಿಟ್ಟ ಕಣಿವೆಯ ತಾಜಾ ಹಕ್ಕಿ ಬೇರೆಯೇ ಕಂಡಿತು. ಹೊಸ ಉಪಪ್ರಭೇದ ಅಂದರು. ಆ ವರ್ಷವೇ ಜ್ವರದಲ್ಲಿ ಹೋದ ನಮ್ಮ ಮಗಳು ಪುಟ್ಟಿಯ ಹೆಸರಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಆಫೀಸಿನಲ್ಲಿ ಯಾರೋ ನಕ್ಕಿದ್ದರು. ನಗಲಿ. ಅವಳ ಹೆಸರು ಹೊತ್ತ ಜೀವ ಅಂತ ಲೋಕದಲ್ಲಿ ಇರುವುದು ಅದೊಂದೇ.

ಮಾರ್ಚ್ 11

ಶುಕ್ರವಾರದೊಳಗೆ ಹೊಸ ವರ್ಗೀಕರಣ ಬೇಕಂತೆ, ಮುಖ್ಯಸ್ಥೆ ಕೇಳಿದರು. ಬೆಟ್ಟದ್ದೂ ಕಣಿವೆಯದ್ದೂ ಬೇರೆಯೋ, ಒಂದೋ. ಒಂದೇ ಅಂದರೆ ಕಣಿವೆಯ ಹಕ್ಕಿಯ ಹೆಸರು ರದ್ದು. ಕಂಡದ್ದು ನನ್ನೊಬ್ಬಳಿಗೆ. ಬಾಯಿಗೆ ಬೀಗ ಹಾಕಿಕೊಂಡರೆ ಪುಟ್ಟಿಯ ಹೆಸರು ಉಳಿಯುತ್ತದೆ.

ಮಾರ್ಚ್ 12

ಇವರಿಗೆ ಹೇಳಿಬಿಟ್ಟೆ. ಕೂಗಾಡಲಿ, ಬೇಡ ಅನ್ನಲಿ ಎಂದೇ ಹೇಳಿದ್ದು. ನಿವೃತ್ತರಾದ ಮೇಲೆ ಮೊದಲ ಸಲ ಮ್ಯೂಸಿಯಂಗೆ ಬಂದರು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ ಕಣೇ. ಬರೆದು ಕೊಟ್ಬಿಡು."

ಪುಟ್ಟಿ ಹೆಸರು? ಅಂದೆ.

"ಎಲ್ಲೂ ಹೋಗಲ್ಲ. ಬೆಟ್ಟದ ಹಕ್ಕಿಯ ಹಳೇ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತೆ. ಯಾರೂ ಓದಲ್ಲ, ಅಷ್ಟೇ."

ಮೈಯೆಲ್ಲ ಉರಿಯಿತು. ಹೆತ್ತ ಅಪ್ಪ ಆಡುವ ಮಾತೇ? ಬಸ್ಸಿನಲ್ಲಿ ಅವರು ಟಿಕೆಟ್ಟಿನ ಹಿಂದೆ ಪುಟ್ಟಿಯ ಹೆಸರು ಬರೆಯುತ್ತಿದ್ದರು. ಕಂಡೂ ಕಾಣದ ಹಾಗೆ ಕೂತಿದ್ದೆ.

ಮಾರ್ಚ್ 14, ಶುಕ್ರವಾರ, ಸಂಜೆ 4

ಬರೆದಾಯಿತು. ಅವಳ ಹೆಸರಿನ ಮುಂದೆ — ಪ್ರತ್ಯೇಕ ಉಪಪ್ರಭೇದವಲ್ಲ ಅಂತ. ಕಳಿಸುವುದೊಂದೇ ಬಾಕಿ. ತಾಸು ಹೊತ್ತಿನಿಂದ ಹೀಗೇ ಕೂತಿದ್ದೇನೆ.

ಈಗಷ್ಟೇ ಇವರ ಫೋನ್. ಕಳಿಸಿದೆಯಾ ಅಂತ ಕೇಳಿದರು. ಹೂಂ ಅಂದೆ, ಸುಳ್ಳು. ಮೆಲ್ಲಗೆ, "ನಾಳೆ ಕಳಿಸಿದ್ರೂ ಆಗ್ತಿತ್ತಲ್ವಾ" ಅಂದರು.

ಇನ್ನೂ ಕಳಿಸಿಲ್ಲ ರೀ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದರು.